ಹಾಲು ಹಾಕುವವರು, ಮಕ್ಕಳನ್ನು ಕಳಿಸುವವರು

(ರಜತ ಮಹೋತ್ಸವ ಸಮಾರಂಭದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಡೇರಿಯ ವಿಚಾರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಶಾಲೆ ಮತ್ತು ಶಿಕ್ಷಕರ ಸಂಘ. 1983ರಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರಾಗಿ ಸೇರಿ 2018ರಲ್ಲಿ ನಿವೃತ್ತನಾದೆ. ನಡುವೆ 2004ರಿಂದ ಎಂಟು ವರ್ಷ ತಾಲ್ಲೂಕು ಸಂಘದ ಅಧ್ಯಕ್ಷನಾಗಿದ್ದೆ. ಆ ಎಂಟು ವರ್ಷದ ಲೆಕ್ಕ ಇವತ್ತು ನಿಮ್ಮ ಮುಂದೆ ಒಪ್ಪಿಸ್ತೀನಿ. ಜಮಾಖರ್ಚು ಓದದೆ ನಿಮ್ಮ ಸಾಮಾನ್ಯ ಸಭೆ ಮುಗಿಯೋದಿಲ್ಲವಲ್ಲ!

ಸಂಘದಲ್ಲಿ ನಾವು ದುಡಿಯಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ವೇತನ, ಬಡ್ತಿ, ವರ್ಗಾವಣೆ, ಎಲ್ಲಕ್ಕೂ ಓಡಾಡಿದ್ದೇವೆ. 2006ರ ಏಪ್ರಿಲ್ 1ರಿಂದ ಈಚೆಗೆ ನೇಮಕವಾದವರಿಗೆ ಹಳೇ ಪಿಂಚಣಿ ತಪ್ಪಿತೆಂದು ಧರಣಿ ಕೂತಿದ್ದೇವೆ. ಅದರಲ್ಲಿ ತಪ್ಪೇನಿಲ್ಲ. ಪ್ರಾಥಮಿಕ ಶಾಲೆಯವರನ್ನು ಕಡೆಗಣಿಸಿರುವುದೂ ಸುಳ್ಳಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಸ್ಥಾನ ಶಿಕ್ಷಕರ ಕ್ಷೇತ್ರದವು. ಆದರೆ ಸಂವಿಧಾನದ 171ನೇ ವಿಧಿಯಂತೆ ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನವರಿಗೆ ಮಾತ್ರ ಅಲ್ಲಿ ಮತ. ಅಆಇಈ ತಿದ್ದಿಸುವವನಿಗೆ ಇಲ್ಲ! ಪದವಿ ಇದ್ದವರು ಪದವೀಧರ ಕ್ಷೇತ್ರದಲ್ಲಿ ಹಾಕಬಹುದು, ಅದು ಬೇರೆ ಮಾತು. ಇನ್ನು ಚುನಾವಣೆ, ಗಣತಿ ಅಂದರೆ ಮೊದಲು ನೆನಪಾಗುವವರೇ ಮೇಷ್ಟ್ರು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರು ಅವರೇ. ಅದಕ್ಕಾಗಿ ದಸರಾ ರಜೆಯನ್ನೇ ಮುಂದುವರಿಸಬೇಕಾಯಿತು.

ಆದರೆ ನಾವು ಧರಣಿ ಕೂತಾಗ ಒಬ್ಬ ತಂದೆಯಾಗಲಿ ತಾಯಿಯಾಗಲಿ ನಮ್ಮ ಪಕ್ಕ ಬಂದು ಕೂರಲಿಲ್ಲ. ಯಾಕೆ ಅಂತ ನನಗೆ ತಿಳಿದದ್ದು ಇದೇ ಡೇರಿ ಬಾಗಿಲಲ್ಲಿ.

ನಾನು ಅಧ್ಯಕ್ಷನಾದ ವರ್ಷವೇ ಅದು. ದಾಖಲಾತಿ ಆಂದೋಲನ. ಬೆಳಿಗ್ಗೆ ಹಾಲಿನ ಹೊತ್ತಿಗೆ ಬಂದು, ಕ್ಯಾನು ಹಿಡಿದು ನಿಂತವರಿಗೆಲ್ಲ ಸರ್ಕಾರಿ ಶಾಲೆಗೇ ಸೇರಿಸಿ ಅಂತ ಭಾಷಣ ಬಿಗಿಯುತ್ತಿದ್ದೆ. ಸರತಿಯಲ್ಲಿದ್ದ ಒಬ್ಬ ಅಜ್ಜಿ ಕೇಳಿದರು: "ಮೇಷ್ಟ್ರೇ, ನಿಮ್ಮ ಮಗ ಎಲ್ಲಿ ಓದ್ತದೆ?" ಅಷ್ಟರಲ್ಲಿ ಪೇಟೆಯ ಕಾನ್ವೆಂಟಿನ ವ್ಯಾನು ಬಂತು. ನನ್ನ ಮಗ ಟೈ ಕಟ್ಟಿಕೊಂಡು ಹತ್ತಿದ. ಅಜ್ಜಿ ಮತ್ತೇನೂ ಅನ್ನಲಿಲ್ಲ, ಹಾಲು ಅಳೆಸಿ ಹೋದರು. ಮಾರನೇ ದಿನವೂ ನಾನು ಮಗನನ್ನು ಅದೇ ವ್ಯಾನಿಗೆ ಹತ್ತಿಸಿದೆ. ನಿಜ ಹೇಳಬೇಕಲ್ಲ.

ಸಂಘದ ಕಚೇರಿಯಲ್ಲಿ ಕೂತ ನಮ್ಮಲ್ಲಿ ಬಹಳ ಜನರ ಮನೆಯದೂ ಇದೇ ಕತೆ. ಹಾಗಾಗಿ ಶಾಲೆಯ ಪ್ರಶ್ನೆ ಬಂದಾಗ ನಮ್ಮ ಗಂಟಲು ಏಳುತ್ತಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಮ್ಮಂಥ ಸರ್ಕಾರಿ ಮೇಷ್ಟ್ರುಗಳೇ ಸೇರಿ ನಲಿ-ಕಲಿ ಕಟ್ಟಿದರು. ನನ್ನ ಎಂಟು ವರ್ಷದ ಸಭೆಗಳಲ್ಲಿ ಅದರ ಬಗ್ಗೆ ಒಂದು ಗಂಟೆ ಚರ್ಚೆ ಇಡಲಿಲ್ಲ. 2012ರಲ್ಲಿ ಆರ್‌ಟಿಇ ಸೀಟು ಬಂತು, ಬಡವರ ಮಕ್ಕಳನ್ನು ಸರ್ಕಾರವೇ ದುಡ್ಡು ಕೊಟ್ಟು ಖಾಸಗಿ ಶಾಲೆಗೆ ಕಳಿಸತೊಡಗಿತು. ನಮ್ಮ ಶಾಲೆಗಳು ಖಾಲಿಯಾಗುತ್ತವೆಂದು ಗೊತ್ತಿತ್ತು. ಒಂದು ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡೆವು, ಅಷ್ಟೇ. 2019ರಲ್ಲಿ, ಹತ್ತಿರ ಸರ್ಕಾರಿ ಶಾಲೆ ಇರುವಲ್ಲಿ ಆ ಸೀಟು ಬೇಡ ಅಂತ ನಿಯಮ ಬದಲಾಯಿತು. ಅಷ್ಟು ಹೊತ್ತಿಗೆ ಹೋದ ಮಕ್ಕಳು ಹೋಗಿದ್ದರು. ನಾನು ಸೇರಿದಾಗ ನಮ್ಮೂರ ಶಾಲೆಯಲ್ಲಿ ಒಂದನೇ ತರಗತಿಗೇ ನಲವತ್ತು ಮಕ್ಕಳು. ಈಗ ಒಂದರಿಂದ ಐದರವರೆಗೆ ಎಲ್ಲಾ ಸೇರಿ 19.

ನೀವೂ ಸ್ವಲ್ಪ ಕೇಳಿಸಿಕೊಳ್ಳಬೇಕು. ಅರ್ಧ ಪಾಯಿಂಟು ಫ್ಯಾಟ್ ಕಮ್ಮಿ ಬಂದರೆ ಕಾರ್ಯದರ್ಶಿಯ ಕೊರಳಪಟ್ಟಿ ಹಿಡಿಯುತ್ತೀರಿ. ಬಟವಾಡೆ ಒಂದು ವಾರ ತಡವಾದರೆ ಊರೇ ಎದ್ದು ನಿಲ್ಲುತ್ತೆ. ಶಾಲೆಯಲ್ಲಿ ಮೇಷ್ಟ್ರ ಹುದ್ದೆ ಎರಡು ವರ್ಷ ಖಾಲಿ ಇದ್ದಾಗ ಯಾರು ಕೇಳಿದಿರಿ? ಕೇಳೋದಕ್ಕೆ ಅಂತಲೇ ಎಸ್‌ಡಿಎಂಸಿ ಇದೆ. 2001ರಲ್ಲಿ ಆದ ವ್ಯವಸ್ಥೆ, ತಂದೆತಾಯಿಯರದೇ ಸಮಿತಿ. ಅದರ ಸಭೆಗೆ ಜನ ಸೇರಿಸಲು ಮುಖ್ಯೋಪಾಧ್ಯಾಯರು ಮನೆಮನೆಗೆ ಹೋಗಿ ಕೈ ಮುಗಿಯಬೇಕು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದಲ್ಲಿ ಶಾಲೆ ಮಕ್ಕಳು ಕುಡಿಯುತ್ತಿರುವುದು ನಮ್ಮ ರಾಜ್ಯದ ಇಂಥ ಸಂಘಗಳಿಗೆ ರೈತರು ಹಾಕಿದ ಹಾಲಿನ ಪುಡಿಯದು. ನಿಮ್ಮ ಹಾಲು ಶಾಲೆಯೊಳಗೆ ಹೋಗಿದೆ, ನೀವು ಹೊರಗೇ ನಿಂತಿದ್ದೀರಿ.

ವ್ಯಾನು ಹತ್ತಿದ್ದ ಮಗನಿಗೆ ಈಗ ಆರು ವರ್ಷದ ಮಗಳಿದ್ದಾಳೆ. ನಮ್ಮೂರ ಶಾಲೆಗೇ ಹಾಕೋಣಪ್ಪ ಅಂದಿದ್ದೀನಿ. "ಇಡೀ ಶಾಲೆಗೆ ಹತ್ತೊಂಬತ್ತೇ ಮಕ್ಕಳು ಮಾವ, ಜೊತೆಗೆ ಯಾರಿದ್ದಾರೆ?" ಅಂತಾಳೆ ಸೊಸೆ. ಅವಳ ಮಾತನ್ನು ತಳ್ಳಿಹಾಕೋಕೆ ನನಗೆ ಬಾಯಿಲ್ಲ. ಇನ್ನೂ ನಾಲ್ಕು ಮನೆಯವರು ಜೊತೆಗೆ ಬಂದರೆ ಒಪ್ಪಬಹುದು. ಬರುವವರು ಸಂಜೆ ನಮ್ಮ ಜಗಲಿಗೆ ಬನ್ನಿ, ಮಾತಾಡೋಣ.

ಅಧ್ಯಕ್ಷರಲ್ಲಿ ಒಂದೇ ಅರಿಕೆ. ಎಸ್‌ಡಿಎಂಸಿ ಸಭೆ ಯಾವತ್ತು ಅನ್ನುವುದನ್ನು ಡೇರಿ ಬೋರ್ಡಿನಲ್ಲಿ ಹಾಲಿನ ದರದ ಪಕ್ಕದಲ್ಲೇ ಬರೆಸಿ. ಸೀಮೆಸುಣ್ಣ ನಾನು ತಂದುಕೊಡ್ತೀನಿ.