ಬೀಳುವುದನ್ನು ಕಲಿಸುವ ವಿದ್ಯೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕುಗಳಿಂದ ಬಂದಿದ್ದೀರಿ. ಸಾಧನೆಯ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದರು. ಸಾಧನೆ ಮಾಡಿದವರು ನನಗಿಂತ ಮೊದಲೇ ಮಾತಾಡಿದ್ದಾರೆ. ನಾನು ಸೋಲುವುದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಒಂದೂವರೆ ವರ್ಷದಿಂದ ವಾರಕ್ಕೆ ಮೂರು ದಿನ ತಪ್ಪದೆ ಸೋಲುತ್ತಿದ್ದೇನೆ.

ನನ್ನ 44ನೇ ವಯಸ್ಸಿನಲ್ಲಿ, ಮಗಳ ಜೊತೆ, ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯಲು ಸೇರಿದೆ. ಹೆಸರು ದೊಡ್ಡದು, ವಿಷಯ ನಮಗೆ ಹೊಸದಲ್ಲ. ಇದೂ ಒಂದು ಬಗೆಯ ಕುಸ್ತಿ. ಇದರಲ್ಲಿ ಗುದ್ದುವಂತಿಲ್ಲ, ಒದೆಯುವಂತಿಲ್ಲ. ಹಿಡಿದು ಕೆಡವಬೇಕು, ಮೇಲೇಳದಂತೆ ಅದುಮಬೇಕು, ಕೈಕಾಲಿನ ಕೀಲಿಗೋ ಕತ್ತಿಗೋ ಪಟ್ಟು ಹಾಕಬೇಕು. ನಮ್ಮ ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಪಂದ್ಯ ಮುಗಿಯಿತು. ಅಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆಯೂ ಆಟ ನಡೆಯುತ್ತದೆ. ಕೆಳಗೆ ಬಿದ್ದವನು ಕೆಳಗಿನಿಂದಲೇ ಗೆಲ್ಲಬಹುದು.

ಈ ವಿದ್ಯೆಯ ಬೇರು ಜಪಾನಿನದು. ಜಿಗೊರೊ ಕಾನೊ ಎಂಬ ಶಿಕ್ಷಕರು 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ತೆರೆದರು. ಅಲ್ಲಿ ಕಲಿತ ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ಮತ್ತು ಆತನ ತಮ್ಮಂದಿರು ಅದನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದರು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಜಿಯು-ಜಿತ್ಸು ಸ್ಪರ್ಧೆಯೂ ಇತ್ತು.

ಸೇರಿದ ಮೊದಲ ದಿನ ನಮಗೆ ಪಟ್ಟು ಕಲಿಸಲಿಲ್ಲ. ಬೀಳುವುದನ್ನು ಕಲಿಸಿದರು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆ ನೆಲಕ್ಕೆ ಬಡಿಯಬಾರದು. ಹಿಂದಕ್ಕೆ ಬೀಳುವಾಗ ಕೈಯನ್ನು ಊರಬಾರದು, ಊರಿದರೆ ಮಣಿಕಟ್ಟು ಮುರಿಯುತ್ತದೆ. ಇಡೀ ತೋಳಿನಿಂದ ನೆಲವನ್ನು ಬಡಿದರೆ ಪೆಟ್ಟು ಹಂಚಿಹೋಗುತ್ತದೆ. ವಾರಗಟ್ಟಲೆ ಇದೇ ಪಾಠ.

ಆಮೇಲೆ ಜೋಡಿ ಕಟ್ಟಿದರು. ಐದು ನಿಮಿಷದ ಸುತ್ತು. ನನ್ನ ತೂಕ 82 ಕೆ.ಜಿ. ಎದುರಿಗೆ ಬಂದವಳು 55 ಕೆ.ಜಿ.ಯ ಕಾಲೇಜು ಹುಡುಗಿ, ನಾಲ್ಕು ವರ್ಷ ಕಲಿತವಳು. ನಾನು ಕಬ್ಬಿನ ಕಟ್ಟು ಎತ್ತುವವನ ಹಾಗೆ ಇದ್ದಬದ್ದ ಬಲವನ್ನೆಲ್ಲ ಹಾಕಿದೆ. ಎರಡು ನಿಮಿಷಕ್ಕೆ ಉಸಿರು ಮುಗಿಯಿತು. ಅವಳು ಅವಸರವಿಲ್ಲದೆ ನನ್ನ ಮೊಣಕೈಗೆ ಪಟ್ಟು ಹಾಕಿದಳು. ನಾನು ಅವಳ ಭುಜವನ್ನು ಎರಡು ಸಲ ತಟ್ಟಿದೆ. ಆ ಕ್ಷಣವೇ ಬಿಟ್ಟಳು. "ಬಲ ಹಾಕ್ಬೇಡಿ ಅಂಕಲ್, ಮೊದ್ಲು ಉಸಿರಾಡಿ" ಎಂದಳು.

ಹೀಗೆ ತಟ್ಟುವುದಕ್ಕೆ ಟ್ಯಾಪ್ ಎನ್ನುತ್ತಾರೆ. "ಸಾಕು, ಬಿಡು" ಎಂದು ಅರ್ಥ. ಇದರಲ್ಲಿ ಎರಡು ಪಾಠಗಳಿವೆ. ಸಾಕು ಎನ್ನುವುದು ಅವಮಾನವಲ್ಲ ಎಂಬುದು ಒಂದು. ತಟ್ಟಿದವನು ಎದ್ದು, ಕೈಕುಲುಕಿ, ಮತ್ತೆ ಆಡುತ್ತಾನೆ. ಜಂಬಕ್ಕೆ ತಟ್ಟದಿದ್ದವನು ಮೊಣಕೈ ಮುರಿಸಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂರುತ್ತಾನೆ. ಎರಡನೆಯದು ಇನ್ನೂ ದೊಡ್ಡದು. ಎದುರಿನವರು ಸಾಕು ಎಂದ ಕೂಡಲೇ ಕೈ ಬಿಡಬೇಕು. ಗೆಲ್ಲುತ್ತಿದ್ದರೂ ಬಿಡಬೇಕು. ಗಂಡುಮಕ್ಕಳಿಗೆ ಈ ಪಾಠವನ್ನು ಬಾಯಿಮಾತಲ್ಲಿ ಎಷ್ಟು ಹೇಳಿದರೂ ಸಾಲದು, ಮೈಗೆ ಅಭ್ಯಾಸವಾಗಬೇಕು.

ಇದನ್ನು ಕಲಿಯಲು ನಾನು ಬೆಂಗಳೂರಿಗೇ ಹೋಗಬೇಕಿತ್ತೇ? ನಮ್ಮ ಸೀಮೆ ಗರಡಿಯ ಸೀಮೆ. ರಾಜ ಒಡೆಯರು 1610ರಲ್ಲಿ ದಸರಾ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿಂದಲೇ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಕಥೆಯನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಡಾ. ರಾಜ್‌ಕುಮಾರ್ ಅವರ 1960ರ 'ರಣಧೀರ ಕಂಠೀರವ' ಚಿತ್ರ ಬಂದದ್ದು ಆ ರಾಜನ ಮೇಲೆಯೇ. ಇಂದಿಗೂ ಮೈಸೂರು ದಸರೆಯಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿಗೆ ಜನ ಸೇರುತ್ತಾರೆ.

ಗರಡಿಯ ಬಾಗಿಲು ತಗ್ಗು. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಎಣ್ಣೆ, ಅರಿಶಿನ ಬೆರೆಸಿದ ಕೆಮ್ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಉಸ್ತಾದರ ಮುಂದೆ ನಿಲ್ಲಬೇಕು. ಇವತ್ತು ಎಷ್ಟೋ ಊರುಗಳಲ್ಲಿ ಆ ಬಾಗಿಲಿಗೆ ಬೀಗ ಬಿದ್ದಿದೆ. ತೆರೆದಿದ್ದ ಕಾಲದಲ್ಲೂ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ, ಅದನ್ನೂ ಒಪ್ಪಿಕೊಳ್ಳೋಣ. ಈಗ ದಸರೆಯಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ನಡೆಯುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ತಂದರು.

ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಗೆ ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸಿ, ನಾನೂ ನನ್ನ ಪಾಲು ಕೊಡುತ್ತೇನೆ. ಅದರ ಜೊತೆಗೆ ಆಟದ ಮೈದಾನದ ಮೂಲೆಯಲ್ಲಿ ಇಪ್ಪತ್ತು ಅಡಿ ಚೌಕದ ಒಂದು ಮಣ್ಣಿನ ಅಂಕಣ, ಮೇಲೆ ಶೀಟು, ಪಕ್ಕದಲ್ಲಿ ಮೈ ತೊಳೆಯಲು ಒಂದು ನಲ್ಲಿ ಮಾಡಿಸೋಣ. ದೈಹಿಕ ಶಿಕ್ಷಕರ ಎದುರಿನಲ್ಲೇ ಕಲಿಕೆ ನಡೆಯಲಿ. ಹಳೆಯ ಪೈಲ್ವಾನರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನು ಕರೆಯೋಣ. ತೂಕಕ್ಕೆ ತಕ್ಕ ಜೋಡಿ ಕಟ್ಟಲಿ, ಕತ್ತಿನ ಪಟ್ಟು ಮಕ್ಕಳಿಗೆ ಬೇಡ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ದಿನ, ಅಷ್ಟೇ ಹೊತ್ತು ಸಿಗಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ಊರಿನ ಪ್ರತಿ ಮನೆಯೂ ಹೆದರುತ್ತದೆ. ಮಕ್ಕಳು ನಪಾಸಾಗುವುದಕ್ಕಿಂತ, ನಪಾಸಾದ ಮೇಲೆ ಏನು ಮಾಡಿಕೊಳ್ಳುತ್ತಾರೋ ಎಂಬ ಹೆದರಿಕೆ ದೊಡ್ಡದು. ಗೆಲ್ಲು ಗೆಲ್ಲು ಎಂದು ನಾವೆಲ್ಲ ಹೇಳಿದ್ದೇವೆ, ಬಿದ್ದರೆ ಹೇಗೆ ಏಳಬೇಕೆಂದು ಯಾರೂ ಕಲಿಸಿಲ್ಲ. ವಾರಕ್ಕೆ ಹತ್ತು ಸಲ ಮಣ್ಣಿಗೆ ಬಿದ್ದು, ಮೈ ಕೊಡವಿಕೊಂಡು, ಕೆಡವಿದವನ ಜೊತೆಯಲ್ಲೇ ಬಿಸಿಯೂಟಕ್ಕೆ ಕೂರುವ ಮಗುವಿಗೆ ಆ ದಿನವೂ ಸ್ವಲ್ಪ ಧೈರ್ಯ ಇದ್ದೀತು ಎಂಬುದು ನನ್ನ ನಂಬಿಕೆ.

ಸಮಿತಿಯ ಹಿರಿಯರು ಇದನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮೊದಲ ಗಾಡಿ ಕೆಮ್ಮಣ್ಣು ನನ್ನ ಲೆಕ್ಕದಲ್ಲಿ ಬರುತ್ತದೆ.