ಶಿಸ್ತಿಗೆ ಮೊದಲು ಪರಿಚಯ

ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಹುಡುಗ ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತಾನೆ. "ಮುಖ ಎತ್ತಿ ಮಾತಾಡು" ಎಂದು ಗದರಿದರೆ ತಲೆ ಇನ್ನಷ್ಟು ಬಗ್ಗುತ್ತದೆ. ಹುಡುಗ ಹಟಮಾರಿ ಎಂದು ಷರಾ ಬೀಳುತ್ತದೆ. ಆಸ್ಟ್ರೇಲಿಯಾದ ಎಷ್ಟೋ ತರಗತಿಗಳಲ್ಲಿ ಮೂಲನಿವಾಸಿ ಮಕ್ಕಳಿಗೆ ಹೀಗಾಗಿದೆ. ಅಲ್ಲಿನ ಹಲವು ಸಮುದಾಯಗಳಲ್ಲಿ ಹಿರಿಯರ ಕಣ್ಣಿಗೆ ಕಣ್ಣು ಕೊಡದಿರುವುದೇ ಮರ್ಯಾದೆ. ಉತ್ತರ ಹೇಳುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುವುದು ಸಹಜ ರೂಢಿ. ಮನೆಯಲ್ಲಿ ವಿನಯ ಅನ್ನಿಸಿಕೊಂಡದ್ದು ಶಾಲೆಯಲ್ಲಿ ಉದ್ಧಟತನ ಆಗಿಬಿಡುತ್ತದೆ.

2011ರಲ್ಲಿ ಆ ದೇಶ ಶಿಕ್ಷಕರಿಗಾಗಿ ರಾಷ್ಟ್ರೀಯ ವೃತ್ತಿ ಮಾನದಂಡಗಳನ್ನು ಪ್ರಕಟಿಸಿತು. ಮೂಲನಿವಾಸಿಗಳ ಇತಿಹಾಸ, ಸಂಸ್ಕೃತಿ, ಭಾಷೆಗಳನ್ನು ಪ್ರತಿ ಶಿಕ್ಷಕರೂ ಅರಿತು ಗೌರವಿಸಬೇಕು ಎನ್ನುತ್ತದೆ ಅದರ ಒಂದು ಅಂಶ. ಮಕ್ಕಳ ತೊಡಕಿನ ನಡವಳಿಕೆಯನ್ನು ನಿಭಾಯಿಸಬೇಕು ಎನ್ನುತ್ತದೆ ಇನ್ನೊಂದು. ಕಾಗದದ ಮೇಲೆ ಇವು ಬೇರೆ ಬೇರೆ ಕಲಮುಗಳು. ತರಗತಿಯೊಳಗೆ ಕಾಲಿಟ್ಟರೆ ಎರಡೂ ಒಂದೇ ಕೆಲಸ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಶಾಲೆಯ ಬಗ್ಗೆ ಅಲ್ಲಿನ ಮೂಲನಿವಾಸಿಗಳಿಗೆ ಇರುವ ಅನುಮಾನ ಸುಮ್ಮನೆ ಬಂದದ್ದಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬಿಳಿಯ ಪೋಷಕರು ತಕರಾರು ಎತ್ತಿದರೆ ಸಾಕು, ಮೂಲನಿವಾಸಿ ಮಕ್ಕಳನ್ನು ಶಾಲೆಯಿಂದ ಹೊರಗಿಡಬಹುದಿತ್ತು. ಅವರನ್ನು ಸೇರಿಸಿಕೊಳ್ಳದಿರುವ ಅಧಿಕಾರ ಮುಖ್ಯೋಪಾಧ್ಯಾಯರ ಕೈಯಲ್ಲಿ 1972ರವರೆಗೂ ಉಳಿದಿತ್ತು. ಇದರ ಜೊತೆಗೆ, ಸರ್ಕಾರವೇ ಮಕ್ಕಳನ್ನು ತಾಯ್ತಂದೆಯರ ಮಡಿಲಿನಿಂದ ಕಿತ್ತು ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಒಪ್ಪಿಸಿದ ದಶಕಗಳ ಚರಿತ್ರೆಯಿದೆ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. ಪೋಷಕರ ಸಭೆಗೆ ಅಜ್ಜಿಯೊಬ್ಬರು ಬರಲಿಲ್ಲವೆಂದರೆ ಅವರಿಗೆ ಕಾಳಜಿಯಿಲ್ಲ ಎನ್ನುವ ಮೊದಲು ಈ ಚರಿತ್ರೆ ಗೊತ್ತಿರಬೇಕು.

ಇನ್ನೊಂದು ಸಂಗತಿ ಕಿವಿಯದು. ದೂರದ ಮೂಲನಿವಾಸಿ ಊರುಗಳಲ್ಲಿ ಎಳೆಯ ಮಕ್ಕಳಿಗೆ ನಡುಗಿವಿಯ ಸೋಂಕು ಮತ್ತೆ ಮತ್ತೆ ಬರುತ್ತದೆ. ಕಿವಿ ಸೋರುತ್ತದೆ, ಕೇಳಿಸುವುದು ಮಂದವಾಗುತ್ತದೆ. ಒಂದು ವಾರ ಚೆನ್ನಾಗಿ ಕೇಳಿಸಿದರೆ ಮುಂದಿನ ವಾರ ಇಲ್ಲ. ಫ್ಯಾನಿನ ಸದ್ದಿನ ನಡುವೆ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಹೇಳಿದ ಮಾತು ಆ ಮಗುವಿಗೆ ತಲುಪುವುದೇ ಇಲ್ಲ. ಅದು ಪಕ್ಕದವನನ್ನು ಕೇಳುತ್ತದೆ, ಗದರಿಸಿಕೊಳ್ಳುತ್ತದೆ, ಬೇಸತ್ತು ಎದ್ದು ಓಡಾಡುತ್ತದೆ. ಇಲ್ಲಿ ಶಿಕ್ಷೆಯಿಂದ ಏನು ಪ್ರಯೋಜನ? ಬೇಕಾದದ್ದು ಕಿವಿಯ ತಪಾಸಣೆ, ಮುಂದಿನ ಸಾಲಿನಲ್ಲೊಂದು ಜಾಗ, ಮಗುವಿನ ಕಡೆ ಮುಖ ಮಾಡಿ ಆಡುವ ಮಾತು. ಕೆಲವು ಶಾಲೆಗಳು ತರಗತಿಯಲ್ಲೇ ಮೈಕು, ಸ್ಪೀಕರು ಹಾಕಿ ಶಿಕ್ಷಕರ ದನಿಯನ್ನು ಎಲ್ಲ ಮೂಲೆಗೂ ಮುಟ್ಟಿಸುತ್ತವೆ.

ಇನ್ನು ಪಾಠದ ವಿಷಯಕ್ಕೆ ಬರೋಣ. ಮೂಲನಿವಾಸಿಗಳ ಬಗ್ಗೆ ಕಲಿಸುವುದೆಂದರೆ ವರ್ಷಕ್ಕೊಂದು ದಿನ ಅವರ ಶೈಲಿಯ ಚುಕ್ಕಿ ಚಿತ್ರ ಬರೆಸುವುದಲ್ಲ. ವಿಕ್ಟೋರಿಯಾ ರಾಜ್ಯದ ನೈಋತ್ಯದಲ್ಲಿ ಬಡ್ಜ್ ಬಿಮ್ ಎಂಬ ಪ್ರದೇಶವಿದೆ. ಗುಂಡಿಚ್‌ಮಾರ ಜನ ಅಲ್ಲಿ ಲಾವಾ ಕಲ್ಲಿನ ನಡುವೆ ಕಾಲುವೆ ತೋಡಿ, ಒಡ್ಡು ಕಟ್ಟಿ, ಹಾವುಮೀನುಗಳನ್ನು ಕೂಡಿಟ್ಟು ಬೆಳೆಸುತ್ತಿದ್ದರು. 6,600 ವರ್ಷಗಳಷ್ಟು ಹಳೆಯದೆಂದು ಗುರುತಿಸಲಾದ ಈ ವ್ಯವಸ್ಥೆ 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೀರು ಯಾವ ಇಳಿಜಾರಿನಲ್ಲಿ ಹರಿಯುತ್ತದೆ, ಮೀನು ಯಾವ ಕಾಲಕ್ಕೆ ವಲಸೆ ಹೋಗುತ್ತದೆ ಎಂಬ ವಿಜ್ಞಾನದ ಪಾಠವನ್ನು ಇದರಿಂದಲೇ ಶುರು ಮಾಡಬಹುದು. ಮೂಲನಿವಾಸಿ ಮಗು ತನ್ನವರನ್ನು ಎಂಜಿನಿಯರುಗಳಾಗಿ ಕಾಣುತ್ತದೆ. ಮೆಲ್ಬರ್ನಿನಲ್ಲಿ ಬೆಳೆಯುವ ಕನ್ನಡದ ಮಕ್ಕಳು ತಾವು ನೆಲೆಸಿದ ಮಣ್ಣಿನ ಚರಿತ್ರೆ ತಿಳಿಯುತ್ತಾರೆ. ಪಾಠದಲ್ಲಿ ತನ್ನವರನ್ನು ಕಂಡ ಮಗುವಿಗೆ ತರಗತಿ ಬೇರೆಯವರ ಜಾಗ ಅನ್ನಿಸುವುದಿಲ್ಲ.

ಹಾಗಾದರೆ ಶಿಸ್ತು ಸಡಿಲಿಸಬೇಕೆ? ಖಂಡಿತ ಬೇಡ. ಕ್ವೀನ್ಸ್‌ಲ್ಯಾಂಡಿನ ಚೆರ್ಬರ್ಗ್ ಶಾಲೆಗೆ 1998ರಲ್ಲಿ ಕ್ರಿಸ್ ಸಾರಾ ಮೊದಲ ಮೂಲನಿವಾಸಿ ಮುಖ್ಯೋಪಾಧ್ಯಾಯರಾಗಿ ಬಂದರು. ಗಟ್ಟಿಗರೂ ಆಗಿ, ಜಾಣರೂ ಆಗಿ ಎಂಬುದನ್ನೇ ಶಾಲೆಯ ಧ್ಯೇಯವಾಕ್ಯ ಮಾಡಿದರು. ಈ ಮಕ್ಕಳಿಂದ ಇಷ್ಟೇ ಸಾಧ್ಯ ಎಂಬ ಉಡಾಫೆಯನ್ನು ಶಿಕ್ಷಕರಲ್ಲಿ ಸಹಿಸಲಿಲ್ಲ; ಗೈರುಹಾಜರಿಯನ್ನು ಮಕ್ಕಳಲ್ಲೂ ಸಹಿಸಲಿಲ್ಲ. ಹಾಜರಾತಿ ಏರಿತು. ಕನಿಕರದಿಂದ ಮಾಡುವ ರಿಯಾಯಿತಿಯೂ ಒಂದು ಅವಮಾನವೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ದಿನನಿತ್ಯ ಮಾಡಬಹುದಾದ ಕೆಲಸಗಳೂ ಇವೆ. ಪ್ರಶ್ನೆ ಕೇಳಿದ ಮೇಲೆ ಕೆಲವು ಕ್ಷಣ ಕಾಯಿರಿ. ತಪ್ಪು ಮಾಡಿದಾಗ ಎಲ್ಲರೆದುರು ಹೆಸರು ಹಿಡಿದು ಬಯ್ಯದೆ ಪಕ್ಕಕ್ಕೆ ಕರೆದು ಹೇಳಿ. ಎಲ್ಲರೆದುರು ಹೊಗಳಿದರೂ ಕೆಲವು ಮಕ್ಕಳು ಕುಗ್ಗುತ್ತಾರೆ. ಜಗಳವಾದರೆ ಎಲ್ಲರನ್ನೂ ಸುತ್ತ ಕೂರಿಸಿ, ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳಿ. ಇದನ್ನೆಲ್ಲ ಎಲ್ಲ ಮೂಲನಿವಾಸಿ ಮಕ್ಕಳಿಗೂ ಒಂದೇ ಸೂತ್ರವೆಂದು ಹಚ್ಚುವುದು ಮಾತ್ರ ಬೇಡ. ಯುರೋಪಿಯನ್ನರು ಬರುವ ಹೊತ್ತಿಗೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಸಿಡ್ನಿಯಲ್ಲಿ ಹುಟ್ಟಿ ಬೆಳೆದ ಮಗುವಿನ ರೀತಿಯೇ ಬೇರೆ, ಮರುಭೂಮಿಯ ಊರಿನ ಮಗುವಿನ ರೀತಿಯೇ ಬೇರೆ. ಆ ಮಗುವನ್ನೇ, ಆ ಮನೆಯವರನ್ನೇ ಕೇಳಿ ತಿಳಿಯಬೇಕು.

ಇದು ನಮಗೂ ದೂರದ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳೂ, ಹೆಗ್ಗಡದೇವನಕೋಟೆಯ ಜೇನುಕುರುಬರ ಮಕ್ಕಳೂ ಆಶ್ರಮ ಶಾಲೆಗಳಲ್ಲಿ ಓದುತ್ತಾರೆ. ಹೆಜ್ಜೇನು, ತುಡುವೆ, ಕೋಲುಜೇನುಗಳ ಗೂಡು, ಕಾಲ, ಸ್ವಭಾವ ಬಲ್ಲ ಜನರ ಮಕ್ಕಳು ಅವರು. ಆ ಶಾಲೆಗಳ ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ: ಹಾಡಿಯ ಹಿರಿಯರೊಬ್ಬರನ್ನು ತರಗತಿಗೆ ಕರೆಯಿರಿ, ಜೇನಿನ ಪಾಠವನ್ನು ಅವರಿಂದಲೇ ಮಾಡಿಸಿ. ಮಕ್ಕಳ ಜೊತೆ ನೀವೂ ಕೂತು ಕೇಳಿ, ಅನುಮಾನವಿದ್ದರೆ ಪ್ರಶ್ನೆ ಹಾಕಿ. ತಮ್ಮವರ ಮಾತಿಗೆ ಮೇಷ್ಟ್ರು ಬೆಲೆ ಕೊಡುವುದನ್ನು ಕಂಡ ಮಕ್ಕಳು ಮೇಷ್ಟ್ರ ಮಾತಿಗೂ ಬೆಲೆ ಕೊಡುತ್ತಾರೆ. ಶಿಸ್ತಿನ ಬುನಾದಿ ಅದೇ.