ಈ ಕ್ಯಾನ್ ಯಾರದ್ದು?

ವಿಕಿರಣ ಅಂದ ಕೂಡಲೇ ನಮ್ಮ ಸ್ಟುಡಿಯೋದಲ್ಲಿ ಪರದೆ ಕೆಂಪಾಗುತ್ತೆ, ಹಿನ್ನೆಲೆಯಲ್ಲಿ ಸೈರನ್ ಕೂಗುತ್ತೆ. ಇವತ್ತು ಎರಡೂ ಬೇಡ ಅಂದಿದ್ದೀನಿ. ಇವತ್ತಿನ ವಿಷಯ ಒಂದು ಸಾದಾ ಪ್ಲಾಸ್ಟಿಕ್ ಕ್ಯಾನ್.

ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಡಿಎನ್ಎ ಗುರುತಿಸೋದಕ್ಕೆ ಫಾಸ್ಫರಸ್-32 ಅನ್ನೋ ವಿಕಿರಣಶೀಲ ವಸ್ತು ಬಳಸ್ತಾರೆ. ಪ್ರಯೋಗ ಮುಗಿದ ಮೇಲೆ ಉಳಿದ ದ್ರಾವಣ, ಟ್ಯೂಬ್ ತೊಳೆದ ಮೊದಲ ನೀರು, ಇವೆಲ್ಲ ಈ ಕ್ಯಾನಿಗೆ ಬೀಳಬೇಕು. ಮನಸ್ಸಿಗೆ ಬಂದ ಹಾಗೆ ಸಿಂಕಿಗೆ ಸುರಿಯೋ ಹಾಗಿಲ್ಲ.

ಆಮೇಲೇನು? ಕಾಯೋದು, ಅಷ್ಟೇ. ಸುಮಾರು 14 ದಿನಕ್ಕೆ ಅದರ ವಿಕಿರಣ ಅರ್ಧ ಆಗುತ್ತೆ. ಇನ್ನೊಂದು 14 ದಿನಕ್ಕೆ ಕಾಲು ಭಾಗ. ಹೀಗೆ ಹತ್ತು ಸಲ, ಅಂದ್ರೆ ಹೆಚ್ಚುಕಮ್ಮಿ ಐದು ತಿಂಗಳು ಕಳೆದರೆ ಸಾವಿರದಲ್ಲಿ ಒಂದು ಪಾಲೂ ಉಳಿಯಲ್ಲ. ಆಗ ಅಳತೆ ಮಾಡಿ, ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿರೋ ಮಿತಿಯೊಳಗೆ ಇದ್ದರೆ ಚರಂಡಿಗೆ ಬಿಡಬಹುದು. ಕಾಯುವಾಗ ಅಡ್ಡಲಾಗಿ ಒಂದು ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆ ಇದ್ದರೆ ಅದರ ಬೀಟಾ ಕಣಗಳು ಅಲ್ಲೇ ನಿಲ್ಲುತ್ತವೆ.

ಇಷ್ಟು ಸುಲಭಾನಾ? ಹೌದು, ಕ್ಯಾನಿನಲ್ಲಿ ಏನಿದೆ, ಯಾವತ್ತು ತುಂಬಿದ್ದು ಅಂತ ಗೊತ್ತಿದ್ದರೆ ಮಾತ್ರ. ಅದೇ ಕ್ಯಾನಿಗೆ ಯಾರೋ ಟ್ರಿಟಿಯಂ ಸುರಿದರು ಅಂದುಕೊಳ್ಳಿ. ಅದು ಅರ್ಧ ಆಗೋದಕ್ಕೇ 12 ವರ್ಷ ಬೇಕು. ಕಾರ್ಬನ್-14 ಆದರೆ 5,730 ವರ್ಷ! ಐದು ತಿಂಗಳ ಲೆಕ್ಕ ಅಲ್ಲಿಗೆ ಮುಗೀತು. ಅದಕ್ಕೇ ಒಂದೊಂದಕ್ಕೂ ಬೇರೆ ಕ್ಯಾನ್, ಬೇರೆ ಚೀಟಿ.

ಇಂಜಿನಿಯರಿಂಗ್ ಓದುವಾಗ ಅರ್ಧಾಯುಷ್ಯದ ಲೆಕ್ಕ ನಾನೂ ಮಾಡಿದ್ದೀನಿ. ಉತ್ತರ ಸರಿ ಬಂದರೆ ಅಂಕ ಸಿಗ್ತಿತ್ತು. ಆ ಐದು ತಿಂಗಳು ಕ್ಯಾನನ್ನು ನೋಡ್ಕೊಳ್ಳೋರು ಯಾರು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಮರೆತರೆ ಏನಾಗುತ್ತೆ ಅನ್ನೋದನ್ನ ದೆಹಲಿ ನೋಡಿದೆ. ಅಲ್ಲಿದ್ದದ್ದು ದ್ರವ ಅಲ್ಲ, ಕೋಬಾಲ್ಟ್-60 ತುಂಬಿದ ಗಾಮಾ ಯಂತ್ರ. ನಮ್ಮ ಕ್ಯಾನಿಗಿಂತ ಎಷ್ಟೋ ಪಟ್ಟು ಅಪಾಯಕಾರಿ. ದೆಹಲಿ ವಿಶ್ವವಿದ್ಯಾಲಯ 1968ರಲ್ಲಿ ತರಿಸಿದ್ದ ಆ ಯಂತ್ರ 1985ರಿಂದ ಮೂಲೆಯಲ್ಲಿ ಬಿದ್ದಿತ್ತು. 2010ರಲ್ಲಿ ಹಳೇ ಸಾಮಾನಿನ ಜೊತೆ ಹರಾಜಾಯ್ತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ಪ್ರಾಣ ಬಿಟ್ಟ. ತಂದವರು ವಿಜ್ಞಾನಿಗಳು, ಬಲಿಯಾದವನು ಗುಜರಿ ಕೆಲಸದವನು.

ಪ್ರಯೋಗಾಲಯದಲ್ಲೂ ಅಷ್ಟೇ. ಸಂಶೋಧನಾ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಡ್ತಾನೆ. ಕ್ಯಾನಿನ ಚೀಟಿ ಅಳಿಸಿಹೋಗಿರುತ್ತೆ. ಒಂದು ದಿನ ನೆಲ ಒರೆಸೋಕೆ ಬಂದ ಹೆಂಗಸು ಅದನ್ನ ಎತ್ತಿ ಸಿಂಕಿಗೆ ಸುರೀತಾಳೆ. ತಪ್ಪು ಆಕೆಯದ್ದಾ?

ಲೈಬ್ರರಿ ಪುಸ್ತಕ ವಾಪಸ್ ಕೊಡದಿದ್ದರೆ ವಿದ್ಯಾರ್ಥಿಗೆ ನೋ ಡ್ಯೂ ಸರ್ಟಿಫಿಕೇಟ್ ಸಿಗಲ್ಲ. ತಾನು ತುಂಬಿದ ಕ್ಯಾನಿನ ಲೆಕ್ಕವನ್ನು ವಿಕಿರಣ ಸುರಕ್ಷತಾ ಅಧಿಕಾರಿಗೆ ಒಪ್ಪಿಸದಿದ್ದರೂ ಸಿಗಬಾರದು. ಕೋಟಿಗಟ್ಟಲೆ ಖರ್ಚಿನ ಮಾತಲ್ಲ ಇದು. ಒಂದು ಚೀಟಿ, ಒಂದು ರಿಜಿಸ್ಟರ್, ಒಂದು ಸಹಿ.

ವಿಕಿರಣ ತಾನಾಗೇ ಕಮ್ಮಿಯಾಗುತ್ತೆ. ಜವಾಬ್ದಾರಿ ಹಾಗೆ ಕಮ್ಮಿಯಾಗಬಾರದು. ಯೋಚನೆ ಮಾಡಿ.